ಸಾಲಕ್ಕೂ ಒಂದು ಉತಾರ ಕೇಳಿ

ಚಿಕ್ಕೋಡಿ ತಾಲ್ಲೂಕಿನ ಕರೋಶಿಯಲ್ಲಿ ಒಂದು ಮನೆ ಅಂದುಕೊಳ್ಳಿ. ತ್ರೀ ಫೇಸ್ ಕರೆಂಟ್ ಬಂತೆಂದು ಗಂಡ ಕಬ್ಬಿಗೆ ನೀರು ಹಾಯಿಸಲು ಹೋಗಿದ್ದಾನೆ. ಹೆಂಡತಿ ರೊಟ್ಟಿ ಬಡಿಯುತ್ತಿದ್ದಾಳೆ. ಬಾಗಿಲಲ್ಲಿ ಬೈಕ್ ನಿಂತ ಸದ್ದು. ಬಂದವನು ಹೆಲ್ಮೆಟ್ಟನ್ನೂ ತೆಗೆಯದೆ ಮೊಬೈಲ್ ಚಾಚುತ್ತಾನೆ: “ಅಕ್ಕಾರ, ನಿಮ್ಮ ಹೆಸರಿಗೆ ಇಪ್ಪತ್ತಮೂರ ಸಾವಿರದ ನಾಕನೂರ ಬಾಕಿ ತೋರಸಾಕತ್ತೈತ್ರಿ. ಇವತ್ತ ಐದ ಸಾವಿರನರ ಕಟ್ರಿ, ಉಳದದ್ದು ಮುಂದ ನೋಡೂಣು.”

ಸಾಲ ಮಾಡಿದ್ದು ಆಕೆಗೆ ಚೆನ್ನಾಗಿ ನೆನಪಿದೆ. ಸಂಘದ ಹೆಂಗಸರ ಜೊತೆ ಕೂತು, ಯಂತ್ರಕ್ಕೆ ಬೆರಳೊತ್ತಿ, 40,000 ತಂದದ್ದು. ಒಂದಷ್ಟು ಕಂತು ತಪ್ಪದೆ ಕಟ್ಟಿದ್ದೂ ಹೌದು, ಕಬ್ಬಿನ ಬಿಲ್ಲು ತಡವಾದ ವರ್ಷ ಕಂತು ನಿಂತದ್ದೂ ಹೌದು. ಆದರೆ ಈ ಮನುಷ್ಯನನ್ನು ಆಕೆ ಯಾವತ್ತೂ ಕಂಡಿಲ್ಲ. ಮೀಟಿಂಗಿಗೆ ಬರುತ್ತಿದ್ದ ಸರ್ ಇವನಲ್ಲ. ಅವನು ಹೇಳುವ ಕಂಪನಿಯ ಹೆಸರೂ ಬೇರೆ. 23,400 ಎಲ್ಲಿಂದ ಬಂತು ಅನ್ನುವುದಂತೂ ಅವನಿಗೇ ಗೊತ್ತಿದ್ದಂತಿಲ್ಲ, ಪರದೆಯ ಮೇಲಿದ್ದದ್ದನ್ನು ಓದುತ್ತಿದ್ದಾನೆ ಅಷ್ಟೇ.

ಅಂಜಿ ಐದು ಸಾವಿರ ಕೊಟ್ಟು ಕಳಿಸುವವರು ಇದ್ದಾರೆ. “ನಮ್ಮನಿಯವ್ರು ಊರಾಗಿಲ್ಲ” ಎಂದು ಬಾಗಿಲು ಹಾಕಿಕೊಳ್ಳುವವರೂ ಇದ್ದಾರೆ. ನಡುವೆ ಒಂದು ದಾರಿಯಿದೆ, ಅದು ಈ ಭಾಗದ ಜನಕ್ಕೆ ಹೊಸದೂ ಅಲ್ಲ. ಅರ್ಧ ಎಕರೆ ಹೊಲ ಕೊಳ್ಳುವಾಗಲೂ ನಾವು ಮೊದಲು ಉತಾರ ನೋಡುತ್ತೇವೆ. ಮೈಸೂರು ಕಡೆಯವರು ಪಹಣಿ ಅನ್ನುವುದನ್ನು ಬೆಳಗಾವಿ ಸೀಮೆಯಲ್ಲಿ ಉತಾರ ಅನ್ನುತ್ತಾರೆ. ಹೊಲ ಯಾರ ಹೆಸರಿಗಿದೆ, ಎಷ್ಟಿದೆ, ಅದರ ಮೇಲೆ ಏನು ಬೋಜಾ ಇದೆ, ಎಲ್ಲ ಅದರಲ್ಲಿ ಸಿಗುತ್ತದೆ. ಹೊಲಕ್ಕೆ ಉತಾರ ಕೇಳುವ ನಾವು ಸಾಲಕ್ಕೆ ಮಾತ್ರ ಬಾಯಿಮಾತು ನಂಬುತ್ತೇವೆ. ಹಣ ಕೊಡುವ ಮೊದಲು ಸಾಲದ ಉತಾರ ಕೇಳಬೇಕೇ, ಯಾವಾಗ ಕೇಳಬೇಕು, ಯಾವಾಗ ಕೇಳುತ್ತ ಕೂತರೆ ಕೆಡುತ್ತದೆ ಅನ್ನುವುದು ಈ ಬರಹದ ವಿಷಯ.

ಅಮೆರಿಕದಲ್ಲಿರುವ ನಮ್ಮವರಿಗೆ ಇದು ‘ಡೆಟ್ ವ್ಯಾಲಿಡೇಷನ್’ ಎಂಬ ಹೆಸರಿನಲ್ಲಿ ಗೊತ್ತು. ಅಲ್ಲಿನ 1977ರ ಕಾನೂನಿನ ಪ್ರಕಾರ, ವಸೂಲಿ ಏಜೆನ್ಸಿಯ ತಿಳಿವಳಿಕೆ ಪತ್ರ ಕೈಸೇರಿದ 30 ದಿನದೊಳಗೆ ಸಾಲಗಾರ ಬರೆದು ಪುರಾವೆ ಕೇಳಿದರೆ, ಪುರಾವೆ ಕಳಿಸುವ ತನಕ ಏಜೆನ್ಸಿ ವಸೂಲಿ ನಿಲ್ಲಿಸಬೇಕು. ನಮ್ಮಲ್ಲಿ ಇಂಥದೊಂದು ಹಕ್ಕು ಒಂದೇ ಕಾನೂನಿನ ಒಂದೇ ಕಲಮಿನಲ್ಲಿ ಸಿಗುವುದಿಲ್ಲ. ರಿಸರ್ವ್ ಬ್ಯಾಂಕಿನ ನಿಯಮ, ಕಾಲಮಿತಿ ಕಾಯ್ದೆ, ಆಸ್ತಿ ವರ್ಗಾವಣೆ ಕಾಯ್ದೆ, ಈಗ ಕರ್ನಾಟಕದ ಹೊಸ ಕಾನೂನು, ಹೀಗೆ ಬೇರೆ ಬೇರೆ ಗೂಡಿನಲ್ಲಿ ಸಾಮಾನು ಇದೆ. ಒಂದು ಸಂಗತಿ ಮಾತ್ರ ಮೊದಲೇ ತಿಳಿದಿರಲಿ. ನೀವು ಲೆಕ್ಕ ಕೇಳಿದಿರೆಂದು ಬಡ್ಡಿ ನಿಲ್ಲುವುದಿಲ್ಲ, ಕೋರ್ಟಿನ ಗಡುವೂ ನಿಲ್ಲುವುದಿಲ್ಲ.

ಬಂದವನು ಯಾರು ಅನ್ನುವುದರಿಂದ ಶುರು ಮಾಡೋಣ. ವರ್ಷದ ಆದಾಯ 3 ಲಕ್ಷದೊಳಗಿನ ಮನೆಗೆ ಅಡವಿಲ್ಲದೆ ಕೊಟ್ಟ ಸಾಲ ಮೈಕ್ರೊಫೈನಾನ್ಸ್ ಸಾಲ. ಇದಕ್ಕಾಗಿ ರಿಸರ್ವ್ ಬ್ಯಾಂಕ್ ಹೊರಡಿಸಿದ ನಿರ್ದೇಶನ 2022ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಸಾಲ ಕೊಟ್ಟ ಸಂಸ್ಥೆ ವಸೂಲಿಯನ್ನು ಹೊರಗಿನವರಿಗೆ ಒಪ್ಪಿಸುವಾಗ ಆ ಏಜೆಂಟರ ವಿವರವನ್ನು ಸಾಲಗಾರರಿಗೆ ತಿಳಿಸಬೇಕು. ಏಜೆಂಟ್ ಗುರುತಿನ ಚೀಟಿಯ ಜೊತೆಗೆ, ಆ ನೋಟಿಸಿನ ಪ್ರತಿ ಮತ್ತು ಸಂಸ್ಥೆ ಕೊಟ್ಟ ಅಧಿಕಾರ ಪತ್ರವನ್ನು ಹಿಡಿದೇ ಬರಬೇಕು. ನಡುವೆ ಏಜೆನ್ಸಿ ಬದಲಾದರೆ ಅದನ್ನೂ ತಿಳಿಸಬೇಕು. ಯಾವ ಯಾವ ಏಜೆನ್ಸಿ ತಮಗಾಗಿ ಕೆಲಸ ಮಾಡುತ್ತಿದೆ ಅನ್ನುವ ಪಟ್ಟಿ ಸಂಸ್ಥೆಯ ವೆಬ್‌ಸೈಟಿನಲ್ಲಿ ಇರಬೇಕು. ಬೆಳಗಿನ 9ಕ್ಕೆ ಮೊದಲು, ಸಂಜೆ 6ರ ನಂತರ ಕರೆ ಮಾಡುವಂತಿಲ್ಲ. ಕಂತು ಕಟ್ಟುವ ಜಾಗ ಇಬ್ಬರೂ ಒಪ್ಪಿ ಗೊತ್ತು ಮಾಡಿದ್ದಾಗಿರಬೇಕು. ಅಲ್ಲಿಗೆ ನೀವು ಬೆನ್ನುಬೆನ್ನಿಗೆ ಎರಡು ಸಲ ಬಾರದಿದ್ದರೆ ಮಾತ್ರ ಅವರು ಮನೆಗೋ ಕೆಲಸದ ಜಾಗಕ್ಕೋ ಬರಬಹುದು. ಟ್ರ್ಯಾಕ್ಟರ್, ಬೈಕ್, ಮನೆ ಮುಂತಾದ ಉಳಿದ ಸಾಲಗಳಿಗೆ 2022ರ ಆಗಸ್ಟ್‌ನ ಸುತ್ತೋಲೆಯಂತೆ ಬೆಳಗಿನ 8ರಿಂದ ಸಂಜೆ 7ರ ತನಕ ಹೊತ್ತು.

ಆದ್ದರಿಂದ ಮೊದಲ ಮಾತು ಸಿಟ್ಟಿನದಾಗಬೇಕಿಲ್ಲ: “ನಿಮ್ಮ ಐಡಿ ಕಾರ್ಡ್ ತೋರಸ್ರಿ, ಕಂಪನಿಯವ್ರ ಪತ್ರ ತೋರಸ್ರಿ, ಫೋಟೊ ತಕ್ಕೊಂತೀನಿ.” ಪತ್ರ ಇದ್ದವನು ತೋರಿಸುತ್ತಾನೆ. ಇಲ್ಲದವನು ದನಿ ಏರಿಸುತ್ತಾನೆ. ಅವನ ಯೋಗ್ಯತೆ ಅಲ್ಲಿಗೇ ಅರ್ಧ ಗೊತ್ತಾದಂತೆ.

ಕಂಪನಿಯ ಹೆಸರು ಬೇರೆಯಾಗಿದ್ದರೆ ಇನ್ನೊಂದು ಪ್ರಶ್ನೆ ಏಳುತ್ತದೆ. ಏಜೆನ್ಸಿ ಹಳೆಯ ಸಾಹುಕಾರನ ಪರವಾಗಿ ವಸೂಲಿ ಮಾಡುತ್ತಿದೆಯೇ, ಅಥವಾ ಸಾಲವನ್ನೇ ಬೇರೆಯವರು ಕೊಂಡಿದ್ದಾರೆಯೇ? ಬಾಕಿಬಿದ್ದ ಸಾಲಗಳನ್ನು ಗಂಟುಕಟ್ಟಿ ಆಸ್ತಿ ಪುನರ್‌ನಿರ್ಮಾಣ ಕಂಪನಿಗಳಿಗೆ ಮಾರುವುದು ಕಾನೂನುಬದ್ಧ. ಮಾರಲು ನಿಮ್ಮ ಒಪ್ಪಿಗೆ ಬೇಕಿಲ್ಲ. ಆದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 130ನೇ ಕಲಮು ಸಾಲಗಾರನಿಗೊಂದು ರಕ್ಷಣೆ ಕೊಟ್ಟಿದೆ. ವರ್ಗಾವಣೆ ಬರಹದಲ್ಲಿ ಆಗಿರಬೇಕು. ಅದು ನಿಮಗೆ ಗೊತ್ತಾಗುವ ಮೊದಲು ನೀವು ಮೂಲ ಸಂಸ್ಥೆಗೆ ಕಟ್ಟಿದ ಹಣ ಸರಿಯಾಗಿ ಕಟ್ಟಿದ್ದೆಂದೇ ಲೆಕ್ಕ. ಹೊಸಬರಿಗೆ ಕಟ್ಟುವ ಮೊದಲು ವರ್ಗಾವಣೆಯ ನೋಟಿಸ್ ಕೇಳಿ, ಸಾಲ ಕೊಟ್ಟ ಹಳೆಯ ಶಾಖೆಗೂ ಒಂದು ಫೋನ್ ಮಾಡಿ. ಇಬ್ಬರಿಗೂ ಕಟ್ಟುವ ಪಾಡು ತಪ್ಪುತ್ತದೆ.

ಇನ್ನು ಸಾಲ ನಿಮ್ಮದೇ ಹೌದೇ? ವಿಚಿತ್ರ ಪ್ರಶ್ನೆ ಅನ್ನಿಸಬಹುದು. 2024ರ ಕೊನೆಯಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ನಡೆದದ್ದನ್ನು ನೆನೆಯಿರಿ. ಸಬ್ಸಿಡಿ ಸಾಲವೆಂದು ನಂಬಿಸಿ ಹೆಂಗಸರ ಹೆಸರಿನಲ್ಲಿ ಫೈನಾನ್ಸ್‌ಗಳಿಂದ ಸಾಲ ಎತ್ತಿಸಿ, ಅದರಲ್ಲೊಂದು ಪಾಲನ್ನು ಮಧ್ಯವರ್ತಿಗಳು ಇಟ್ಟುಕೊಂಡು, ಕಂತು ತಾವೇ ಕಟ್ಟುತ್ತೇವೆಂದು ಹೇಳಿ ಕೊನೆಗೆ ಕೈಯೆತ್ತಿದ ಪ್ರಕರಣ ಅದು. ವಸೂಲಿಗೆ ಬಂದವರು ಬಾಗಿಲು ಬಡಿದದ್ದು ಸಹಿ ಮಾಡಿದ ಹೆಂಗಸರ ಮನೆಯದನ್ನೇ. ಇಂಥಲ್ಲಿ ಕಹಿ ಸತ್ಯವೊಂದನ್ನು ಹೇಳಲೇಬೇಕು. ನಿಮ್ಮ ಖಾತೆಗೆ ಹಣ ಬಂದು, ನೀವೇ ತೆಗೆದು ಇನ್ನೊಬ್ಬರ ಕೈಗಿಟ್ಟಿದ್ದರೆ, ಸಂಸ್ಥೆಯ ಪುಸ್ತಕದಲ್ಲಿ ಆ ಸಾಲ ನಿಮ್ಮದೇ. ಮೋಸ ಮಾಡಿದವರ ಮೇಲೆ ಪೊಲೀಸ್ ದೂರು ಕೊಡಬಹುದು, ಕೊಡಲೇಬೇಕು. ಆದರೆ “ಈ ಸಾಲಕ್ಕೆ ಪುರಾವೆ ತೋರಿಸಿ” ಎಂದು ಕೇಳಿದರೆ ಪುರಾವೆ ಬಂದೇ ಬರುತ್ತದೆ.

ಹಣವೇ ಬಾರದೆ, ಆಧಾರ್ ಪ್ರತಿ ಬಳಸಿ ಯಾರೋ ಎತ್ತಿದ್ದರೆ ಮಾತು ಬೇರೆ. ಹಣ ಯಾವ ಖಾತೆಗೆ, ಯಾವ ದಿನ ಹೋಯಿತು ಅನ್ನುವ ಒಂದೇ ಪ್ರಶ್ನೆಗೆ ಗುಟ್ಟು ರಟ್ಟಾಗುತ್ತದೆ. ಇದನ್ನು ಸಂಸ್ಥೆಯನ್ನು ಕೇಳದೆಯೂ ಒಂದಿಷ್ಟು ತಿಳಿಯಬಹುದು. ಸಿಬಿಲ್, ಇಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಕ್ರಿಫ್ ಹೈಮಾರ್ಕ್ ಎಂಬ ನಾಲ್ಕು ಸಂಸ್ಥೆಗಳು ನಮ್ಮ ಸಾಲದ ಜಾತಕ ಇಟ್ಟುಕೊಂಡಿವೆ. ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಪುಕ್ಕಟೆ ಕೊಡಬೇಕು. ಸಂಘದ ಸಾಲ ನೋಡಲು ಕ್ರಿಫ್ ಹೈಮಾರ್ಕ್‌ನದನ್ನು ಮೊದಲು ತೆಗೆಯಿರಿ. ವರದಿಯಲ್ಲಿ ನಿಮ್ಮದಲ್ಲದ ಸಾಲ ಕಂಡರೆ ಅಲ್ಲೇ ತಕರಾರು ಸಲ್ಲಿಸಬಹುದು. 30 ದಿನದಲ್ಲಿ ಇತ್ಯರ್ಥವಾಗದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರ್‌ನಲ್ಲಿ ಹೇಳಿದೆ.

ಸತ್ತವರ ಸಾಲದ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸಂಘದ ಸಾಲಕ್ಕೆ ಸಾಮಾನ್ಯವಾಗಿ ಸಾಲದ ಮೊದಲ ದಿನವೇ ವಿಮೆಯ ಕಂತು ಮುರಿದುಕೊಂಡಿರುತ್ತಾರೆ, ಎಷ್ಟೋ ಸಲ ಗಂಡನ ಜೀವಕ್ಕೂ ಸೇರಿಸಿ. ಸೂತಕ ಕಳೆಯುವುದರೊಳಗೆ ಕಂತು ಕೇಳಲು ಬಂದರೆ, ವಿಮೆಯ ಕ್ಲೇಮ್ ಏನಾಯಿತು ಎಂದು ಕೇಳಿ. ಜಾಮೀನು ನಿಂತಿರದ ವಾರಸುದಾರರು ತಮಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ ಹೊಣೆ. ಜಾಮೀನು ನಿಂತವರ ಹೊಣೆ ಮಾತ್ರ ಸಾಲಗಾರನಷ್ಟೇ ಪೂರ್ತಿ.

ಎಲ್ಲಕ್ಕಿಂತ ಹೆಚ್ಚು ಜಗಳ ಏಳುವುದು ಮೊತ್ತದಲ್ಲಿ. ಆ ಕರೋಶಿಯ ಮನೆಗೇ ಮರಳೋಣ. ಟ್ರಂಕಿನೊಳಗೆ, ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಸಾಲದ ಕಾರ್ಡ್ ಇದೆ. ಅಂಚು ಮುದುಡಿದೆ, ಒಂದು ಮೂಲೆಗೆ ಎಣ್ಣೆ ಕಲೆ. ಆದರೆ ಒಳಗೆ ಸಾಲು ಸಾಲಾಗಿ ತಾರೀಖು, ಮೊತ್ತ, ವಸೂಲಿ ಮಾಡಿದವನ ಗೀಚು ಸಹಿ. ನಿಯಮದ ಪ್ರಕಾರ ಈ ಕಾರ್ಡ್ ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಬಡ್ಡಿ ಮತ್ತು ಎಲ್ಲ ಶುಲ್ಕದ ಸರಳ ಪಟ್ಟಿ, ಕಟ್ಟಿದ ಪ್ರತಿ ಕಂತಿನ ಸ್ವೀಕೃತಿ, ದೂರು ಕೇಳುವ ಅಧಿಕಾರಿಯ ಹೆಸರು ಮತ್ತು ಫೋನ್ ನಂಬರು ಅದರಲ್ಲಿ ಇರಬೇಕು.

ಸಾಲ 40,000. ಬಡ್ಡಿ ವರ್ಷಕ್ಕೆ ನೂರಕ್ಕೆ 24, ಇಳಿಯುವ ಅಸಲಿನ ಮೇಲೆ. 24 ತಿಂಗಳ ಕಂತು. ಲೆಕ್ಕ ಹಾಕಿದರೆ ತಿಂಗಳಿಗೆ 2,115 ರೂಪಾಯಿ ಬರುತ್ತದೆ. ಕಾರ್ಡಿನಲ್ಲಿ ಸಹಿಗಳನ್ನು ಎಣಿಸಿದರೆ 17. ಉಳಿದದ್ದು 7 ಕಂತು, ಅಂದರೆ 14,805. ಇದರಲ್ಲಿ ಅಸಲು ಸುಮಾರು 13,690, ಮಿಕ್ಕದ್ದು ಅವಧಿ ಮುಗಿಯುವ ತನಕದ ಬಡ್ಡಿ. ಪರದೆಯ ಮೇಲಿನ 23,400ಕ್ಕೂ ಇದಕ್ಕೂ 8,595 ವ್ಯತ್ಯಾಸ. ಗಡುವು ದಾಟಿದ್ದಕ್ಕೆ ಒಂದಿಷ್ಟು ಬಡ್ಡಿ, ಒಂದಿಷ್ಟು ದಂಡ ಬಿದ್ದಿರುವುದು ನ್ಯಾಯವೇ. ಆದರೆ ದಂಡವನ್ನು ಬಾಕಿಬಿದ್ದ ಕಂತಿನ ಮೇಲಷ್ಟೇ ಹಾಕಬೇಕು, ಇಡೀ ಸಾಲದ ಮೇಲಲ್ಲ. ಮೂರು ಕಂತು ತಪ್ಪಿದ್ದರೆ ದಂಡಕ್ಕೆ ಆಧಾರ 6,345 ಮಾತ್ರ. ದಂಡವನ್ನು ಅಸಲಿಗೆ ಸೇರಿಸಿ ಅದರ ಮೇಲೆ ಮತ್ತೆ ಬಡ್ಡಿ ಎಳೆಯುವಂತಿಲ್ಲವೆಂದು 2023ರ ಆಗಸ್ಟ್‌ನ ಸುತ್ತೋಲೆ ಹೇಳುತ್ತದೆ. ಸಾಲ ಕೊಡುವಾಗ ಬರೆದು ತೋರಿಸದ ಯಾವ ಶುಲ್ಕವನ್ನೂ ಆಮೇಲೆ ಸೇರಿಸುವಂತಿಲ್ಲ. 2024ರ ಅಕ್ಟೋಬರ್ 1ರ ನಂತರದ ಸಾಲವಾಗಿದ್ದರೆ, ಎಲ್ಲ ಖರ್ಚು ಕೂಡಿಸಿದ ವರ್ಷದ ದರವಿರುವ ಮುಖ್ಯಾಂಶಗಳ ಪತ್ರ ನಿಮ್ಮ ಕಾಗದಗಳಲ್ಲಿ ಇರಲೇಬೇಕು. “ಮನಿಗೆ ಬಂದ ಖರ್ಚು” ಅದರಲ್ಲಿ ಇದೆಯೇ ನೋಡಿ.

ನನ್ನ ಮಟ್ಟಿಗೆ, ಉತಾರ ಕೇಳಬೇಕೇ ಬೇಡವೇ ಅನ್ನುವುದನ್ನು ಈ ಎಣಿಕೆಯೇ ಹೇಳುತ್ತದೆ. ನಿಮ್ಮ ಲೆಕ್ಕಕ್ಕೂ ಅವರ ಲೆಕ್ಕಕ್ಕೂ ನೂರಿನ್ನೂರು ಹೆಚ್ಚುಕಡಿಮೆಯಿದ್ದು, ಸಂಸ್ಥೆ ಅದೇ, ಬಂದವನೂ ಪರಿಚಿತ, ತಪ್ಪಿದ್ದು ಒಂದೆರಡು ಕಂತು ಅಂದಮೇಲೆ ಪತ್ರ ವ್ಯವಹಾರ ಬೇಡ. ಶಾಖೆಗೆ ಹೋಗಿ ಕಟ್ಟಿ, ರಸೀದಿ ತನ್ನಿ. ನೀವು ಪತ್ರ ಬರೆದು ಉತ್ತರ ಕಾಯುವಷ್ಟರಲ್ಲಿ ಇನ್ನೊಂದು ಕಂತು ಬಾಕಿ ಬೀಳುತ್ತದೆ, ಸಿಬಿಲ್‌ನಲ್ಲಿ ಇನ್ನೊಂದು ತಿಂಗಳು ಕೆಂಪಾಗುತ್ತದೆ. ಹೆಸರು ಬೇರೆ, ಮೊತ್ತ ದೂರ, ಅಥವಾ ಸಾಲ ಹಳೆಯದು, ಈ ಮೂರರಲ್ಲಿ ಒಂದಿದ್ದರೂ ಉತಾರ ಕೈಗೆ ಬರುವ ತನಕ ಕಿಸೆಗೆ ಕೈ ಹಾಕಬೇಡಿ.

ಹಳೆಯ ಸಾಲದ ಮಾತು ಬಂತು. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಜನ ಹೆಚ್ಚು ಎಡವುವುದು ಇಲ್ಲೇ. 1963ರ ಕಾಲಮಿತಿ ಕಾಯ್ದೆಯಂತೆ ಕೈಸಾಲ, ಪ್ರಾಮಿಸರಿ ನೋಟು, ಅಡವಿಲ್ಲದ ಸಾಲಕ್ಕೆ ದಾವೆ ಹೂಡಲು 3 ವರ್ಷ ಅವಕಾಶ. ಕಂತಿನ ಸಾಲದಲ್ಲಿ ಆಯಾ ಕಂತು ಕಟ್ಟಬೇಕಿದ್ದ ದಿನದಿಂದ ಎಣಿಕೆ. ಮನೆಯನ್ನೋ ಹೊಲವನ್ನೋ ಅಡವಿಟ್ಟ ಸಾಲಕ್ಕೆ 12 ವರ್ಷ. ಗಡುವು ದಾಟಿದರೆ ಸಾಲ ಅಳಿಸಿಹೋಗುವುದಿಲ್ಲ, ಕೋರ್ಟಿನ ಬಾಗಿಲು ಮಾತ್ರ ಮುಚ್ಚುತ್ತದೆ. ಆದರೆ ಗಡುವು ಮುಗಿಯುವ ಮೊದಲು ನೀವು ಬಾಕಿ ಒಪ್ಪಿ ಸಹಿ ಮಾಡಿದರೆ (18ನೇ ಕಲಮು), ಅಥವಾ ಒಂದಿಷ್ಟು ಹಣ ಕಟ್ಟಿ ಅದಕ್ಕೆ ನಿಮ್ಮ ಬರಹವೋ ಸಹಿಯೋ ಬಿದ್ದರೆ (19ನೇ ಕಲಮು), ಆ ದಿನದಿಂದ ಮೂರು ವರ್ಷ ಹೊಸದಾಗಿ ಶುರು. ಗಡುವು ಮುಗಿದ ಮೇಲೂ, “ಕೊಡುತ್ತೇನೆ” ಎಂದು ಬರೆದು ಸಹಿ ಹಾಕಿದರೆ ಕರಾರು ಕಾಯ್ದೆಯ 25ನೇ ಕಲಮಿನಡಿ ಸತ್ತ ಸಾಲ ಎದ್ದು ಕೂರುತ್ತದೆ. “ಐನೂರನರ ಕಟ್ರಿ, ಇಲ್ಲೊಂದ ಸಹಿ ಮಾಡ್ರಿ, ಮ್ಯಾಲಿನವ್ರಿಗೆ ತೋರಸಾಕ” ಅನ್ನುವ ಮಾತಿನ ಹಿಂದೆ ಕೆಲವೊಮ್ಮೆ ಇದಿರುತ್ತದೆ. ಸಾಲದ ವಯಸ್ಸು ಗೊತ್ತಾಗುವ ತನಕ ಐನೂರೂ ಬೇಡ, ಸಹಿಯೂ ಬೇಡ.

ಹಾಗಾದರೆ ಮೂರು ವರ್ಷ ತಪ್ಪಿಸಿಕೊಂಡು ತಿರುಗಿದರೆ ಗೆದ್ದಂತೆಯೇ ಎಂದು ಕೇಳುವವರಿದ್ದಾರೆ. ಸಾಲದ ಚರಿತ್ರೆಯಲ್ಲಿ ಆ ಕಲೆ ವರ್ಷಗಟ್ಟಲೆ ಉಳಿಯುತ್ತದೆ, ಮುಂದೆ ಮಗನ ಓದಿಗೆ ಸಾಲ ಕೇಳಲು ಹೋದಾಗ ಮ್ಯಾನೇಜರ್ ಅದನ್ನೇ ತೋರಿಸುತ್ತಾನೆ. ಪಡೆದ ಹಣ ಕೊಡಬೇಕು ಅನ್ನುವುದರಲ್ಲಿ ನನಗೇನೂ ಅನುಮಾನವಿಲ್ಲ. ಎಷ್ಟು, ಯಾರಿಗೆ ಅನ್ನುವುದನ್ನು ತಿಳಿದು ಕೊಡಿ ಎನ್ನುತ್ತಿದ್ದೇನೆ.

ಕೇಳುತ್ತ ಕೂರಬಾರದ ಸಂದರ್ಭಗಳೂ ಇವೆ. ಚೆಕ್ ಬೌನ್ಸ್ ನೋಟಿಸ್ ಬಂದರೆ ಕೈಸೇರಿದ ದಿನದಿಂದ 15 ದಿನವಷ್ಟೇ. ಅಷ್ಟರಲ್ಲಿ ಹಣ ಕಟ್ಟದಿದ್ದರೆ ಕ್ರಿಮಿನಲ್ ದೂರಿಗೆ ದಾರಿಯಾಗುತ್ತದೆ. ಮನೆ ಅಡವಿಟ್ಟ ಸಾಲಕ್ಕೆ ಸರ್ಫೇಸಿ ಕಾಯ್ದೆಯ 60 ದಿನದ ನೋಟಿಸ್ ಬಂದರೆ, ಲೆಕ್ಕದ ತಕರಾರನ್ನು ಆ 60 ದಿನದೊಳಗೇ ಬರೆದು ಕೊಡಬೇಕು. ಕೊಟ್ಟರೆ 15 ದಿನದಲ್ಲಿ ಕಾರಣ ಸಹಿತ ಉತ್ತರ ಕೊಡುವುದು ಬ್ಯಾಂಕಿನ ಕರ್ತವ್ಯ. ಉತಾರ ಕೇಳುವ ಹಕ್ಕು ನಮ್ಮ ಕಾನೂನಿನಲ್ಲಿ ಇಷ್ಟು ಸ್ಪಷ್ಟವಾಗಿ ಇರುವುದು ಈ ಒಂದು ಕಡೆ. (ಈ ಕಾಯ್ದೆ ಕೃಷಿ ಜಮೀನಿಗೆ ತಾಗುವುದಿಲ್ಲ, 1 ಲಕ್ಷದೊಳಗಿನ ಸಾಲಕ್ಕೂ ಇಲ್ಲ. “ಹೊಲ ಜಪ್ತಿ ಮಾಡತೀವಿ” ಎಂದು ಸರ್ಫೇಸಿ ಹೆಸರು ಹೇಳಿ ಹೆದರಿಸಿದರೆ ಅದು ಸುಳ್ಳು.) ಒತ್ತೆ ಇಟ್ಟ ಬಂಗಾರದ ಹರಾಜು ನೋಟಿಸ್ ಬಂದಿದ್ದರೆ ಅವತ್ತೇ ಶಾಖೆಗೆ ಓಡಿ. ಕೋರ್ಟಿನ ಸಮನ್ಸ್ ಬಂದರೆ ಏಜೆಂಟನ ಜೊತೆ ಮಾತು ಮುಗಿಯಿತು, ವಕೀಲರ ಜೊತೆ ಮಾತು ಶುರು. ಲೋಕ ಅದಾಲತ್‌ನ ಚೀಟಿ ಮಾತ್ರ ಸಮನ್ಸ್ ಅಲ್ಲ. ಅದು ರಾಜಿಗೆ ಕರೆ, ಒಪ್ಪದಿದ್ದರೆ ಎದ್ದು ಬರಬಹುದು. ಆದರೆ ಅಲ್ಲಿ ಒಪ್ಪಿ ಸಹಿ ಹಾಕಿದ ತೀರ್ಪಿಗೆ ಮೇಲ್ಮನವಿಯಿಲ್ಲ. ಆದ್ದರಿಂದ ಲೆಕ್ಕವನ್ನು ಮನೆಯಲ್ಲೇ ಮಾಡಿಕೊಂಡು ಹೋಗಿ.

ನಮ್ಮ ಕಡೆಯ ದೊಡ್ಡ ಪಾಲು ಸಾಲ ಇರುವುದು ಪತ್ತಿನ ಸಂಘಗಳಲ್ಲಿ, ಸೌಹಾರ್ದ ಸಹಕಾರಿಗಳಲ್ಲಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಯಾವ ಪೇಟೆಯಲ್ಲಿ ನಿಂತರೂ ಒಂದು ಬೋರ್ಡ್ ಕಾಣುತ್ತದೆ. ಇವುಗಳ ಮೇಲೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ನಡೆಯುವುದಿಲ್ಲ. ನೀವು ಸದಸ್ಯರಾದ್ದರಿಂದ ಸಂಘದಲ್ಲೇ ಖಾತೆ ಉತಾರ ಕೇಳಿ. ಸಂಘ ಬಾಕಿಗಾಗಿ ಸಹಕಾರ ಇಲಾಖೆಯಲ್ಲಿ ದಾವೆ ಹೂಡಿದ್ದರೆ ನೋಟಿಸಿನ ತಾರೀಖಿಗೆ ತಪ್ಪದೆ ಹಾಜರಾಗಿ. ಹೋಗದಿದ್ದರೆ ಒಂದೇ ಕಡೆಯ ಲೆಕ್ಕ ತೀರ್ಪಾಗುತ್ತದೆ.

ಈಗ ಪತ್ರ. ಬಾಯಲ್ಲಿ ಕೇಳಿದ್ದು ಗಾಳಿಗೆ ಹೋಗುತ್ತದೆ. ಒಂದು ಹಾಳೆ ಸಾಕು, ಕನ್ನಡದಲ್ಲೇ ಬರೆಯಿರಿ, ಏಜೆನ್ಸಿಗಲ್ಲ, ಸಾಲ ಕೊಟ್ಟ ಸಂಸ್ಥೆಯ ದೂರು ಅಧಿಕಾರಿಗೆ:

“ಈ ತಾರೀಖಿನಂದು ನಿಮ್ಮ ಹೆಸರು ಹೇಳಿ ಒಬ್ಬರು ನಮ್ಮ ಮನೆಗೆ ಬಂದು ಇಷ್ಟು ರೂಪಾಯಿ ಬಾಕಿ ಇದೆ ಎಂದಿದ್ದಾರೆ. ದಯವಿಟ್ಟು ಸಾಲದ ಒಪ್ಪಂದದ ಪ್ರತಿ, ಹಣ ಜಮಾ ಆದ ಖಾತೆ ಮತ್ತು ದಿನ, ಮೊದಲ ದಿನದಿಂದ ಇಂದಿನವರೆಗಿನ ಖಾತೆ ಉತಾರ, ಅಸಲು ಬಡ್ಡಿ ದಂಡಗಳ ಪ್ರತ್ಯೇಕ ಲೆಕ್ಕ, ವಿಮೆಯ ವಿವರ, ಏಜೆನ್ಸಿಗೆ ಕೊಟ್ಟ ಅಧಿಕಾರ ಪತ್ರ ಮತ್ತು ಸಾಲ ಬೇರೆಯವರಿಗೆ ವರ್ಗವಾಗಿದ್ದರೆ ಅದರ ನೋಟಿಸ್ ಕಳಿಸಿಕೊಡಿ. ಲೆಕ್ಕ ಸಿಕ್ಕ ಮೇಲೆ ಉತ್ತರಿಸುತ್ತೇನೆ. ಈ ಪತ್ರ ಸಾಲವನ್ನಾಗಲಿ ಮೊತ್ತವನ್ನಾಗಲಿ ಒಪ್ಪಿಕೊಂಡದ್ದಲ್ಲ.”

ಕೊನೆಯ ಸಾಲನ್ನು ಬಿಡಬೇಡಿ. ಕಾಲಮಿತಿಯ 18ನೇ ಕಲಮಿಗೆ ಅದು ಅಡ್ಡಗೋಡೆ. ಸ್ಪೀಡ್ ಪೋಸ್ಟ್ ಮಾಡಿ, ಚೀಟಿ ಇಟ್ಟುಕೊಳ್ಳಿ. ಶಾಖೆಯಲ್ಲೇ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಬ್ಯಾಂಕ್ ಸಾಲವಾಗಿದ್ದರೆ ಈ ಪತ್ರಕ್ಕೆ ಇನ್ನೂ ಒಂದು ಬಲವಿದೆ. ಸಾಲಗಾರನ ದೂರು ಇತ್ಯರ್ಥವಾಗುವ ತನಕ ಪ್ರಕರಣವನ್ನು ವಸೂಲಿ ಏಜೆನ್ಸಿಗೆ ಒಪ್ಪಿಸಬಾರದೆಂದು ರಿಸರ್ವ್ ಬ್ಯಾಂಕ್ 2008ರ ಏಪ್ರಿಲ್‌ನಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ಸುಮ್ಮಸುಮ್ಮನೆ ಮೇಲಿಂದ ಮೇಲೆ ದೂರು ಕೊಡುವವರಿಗೆ ಈ ಆಸರೆಯಿಲ್ಲ.

30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದದ್ದು ಹಾರಿಕೆಯದಾದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. ಸಹಾಯವಾಣಿ 14448. ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ, 15100ಕ್ಕೆ ಕರೆ ಮಾಡಿ ತಾಲ್ಲೂಕು ಕಾನೂನು ಸೇವಾ ಸಮಿತಿಯ ದಾರಿ ಕೇಳಿ.

ಇಷ್ಟೆಲ್ಲ ಹೇಳಿದ ಮೇಲೂ, ಹೆಂಗಸರ ಸಂಘದ ಸಾಲದಲ್ಲಿ ನಿಜವಾದ ಒತ್ತಡ ಬರುವುದು ಬೈಕಿನಲ್ಲಿ ಬಂದವನಿಂದಲ್ಲ, ಪಕ್ಕದ ಮನೆಯಿಂದ. ಒಬ್ಬಳು ಕಟ್ಟದಿದ್ದರೆ ಉಳಿದವರು ತುಂಬಬೇಕು, ಅಥವಾ ಎಲ್ಲರಿಗೂ ಮುಂದಿನ ಸಾಲ ತಡೆಯುತ್ತದೆ. “ನೀ ಲೆಕ್ಕ ಕೇಳಿದ್ಯಂದ್ರ ನಮಗ ಸಾಲ ಕೊಡೂದಿಲ್ಲಂತ ನೋಡವಾ” ಅನ್ನುವ ಗೆಳತಿಯ ಮಾತನ್ನು ಯಾವ ಸುತ್ತೋಲೆಯೂ ತಡೆಯಲಾರದು. ಹಾಗಾಗಿ ಲೆಕ್ಕ ಕೇಳುವ ಮೊದಲು ಗುಂಪಿನವರನ್ನು ಕೂರಿಸಿಕೊಂಡು ಕಾರ್ಡ್ ತೋರಿಸಿ, 17 ಸಹಿ ಎಣಿಸಿ ತೋರಿಸಿ. ಆದರೆ ಪತ್ರಕ್ಕೆ ಪ್ರತಿಯೊಬ್ಬರೂ ತಮ್ಮ ತಮ್ಮ ಸಾಲದ್ದನ್ನೇ ಬರೆದು ಸಹಿ ಹಾಕಲಿ. ಗುಂಪಿನ ಹೆಂಗಸರನ್ನೇ ಮುಂದೆ ಬಿಟ್ಟು ಒಬ್ಬಳ ಮನೆಯ ಮುಂದೆ ಕೂರಿಸುವುದು, ಬಾಕಿದಾರರ ಹೆಸರು ಹೊರಗೆ ಹಾಕುವುದು, ನೆಂಟರಿಗೆ ಫೋನ್ ಮಾಡಿ ಕಾಡುವುದು, ಬಾಕಿಯ ಮೊತ್ತದ ಬಗ್ಗೆ ಸುಳ್ಳು ಹೇಳುವುದು, ಎಲ್ಲವೂ ವಸೂಲಿಯ ನಿಯಮಕ್ಕೆ ವಿರುದ್ಧ.

ಅಷ್ಟಕ್ಕೂ ಮಾತು ಮೀರಿ ಬೆದರಿಕೆಗೆ ಬಂದರೆ 2025ರ ಕರ್ನಾಟಕದ ಕಾನೂನು ಇದೆ. ಆ ವರ್ಷದ ಜನವರಿಯಲ್ಲಿ ರಾಜ್ಯದ ಹಲವು ಕಡೆ ಫೈನಾನ್ಸ್ ಕಿರುಕುಳಕ್ಕೆ ಜನ ಊರು ಬಿಟ್ಟ, ಜೀವ ಕಳೆದುಕೊಂಡ ಸುದ್ದಿ ಬಂದ ಮೇಲೆ ಸರ್ಕಾರ ಸುಗ್ರೀವಾಜ್ಞೆ ತಂದಿತು. ರಾಜ್ಯಪಾಲರು ಒಮ್ಮೆ ತಿರುಗಿ ಕಳಿಸಿ, ಫೆಬ್ರುವರಿ 12ರಂದು ಅಂಕಿತ ಹಾಕಿದರು. ಮಾರ್ಚ್‌ನಲ್ಲಿ ವಿಧಾನಮಂಡಲದ ಒಪ್ಪಿಗೆಯೂ ಸಿಕ್ಕಿತು. ಬಲವಂತದ ವಸೂಲಿಗೆ 10 ವರ್ಷದ ತನಕ ಜೈಲು, 5 ಲಕ್ಷದ ತನಕ ದಂಡ. ರೇಷನ್ ಕಾರ್ಡಿನಂಥ ಸರ್ಕಾರಿ ಸೌಲಭ್ಯದ ದಾಖಲೆ ಕಿತ್ತುಕೊಳ್ಳುವುದೂ ಅಪರಾಧದಲ್ಲಿ ಸೇರಿದೆ. ಪೊಲೀಸರು ದೂರು ದಾಖಲಿಸಲು ನಿರಾಕರಿಸುವಂತಿಲ್ಲ. ಲೈಸೆನ್ಸೂ ಇಲ್ಲದೆ ನೋಂದಣಿಯೂ ಇಲ್ಲದೆ ದುರ್ಬಲರಿಗೆ ಸಾಲ ಕೊಟ್ಟವರ ಸಾಲ ಬಡ್ಡಿ ಸಹಿತ ತೀರಿದಂತೆ ಎಂಬ ಮಾತೂ ಇದರಲ್ಲಿದೆ. ಇದನ್ನು ಕೇಳಿ ಎಲ್ಲ ಫೈನಾನ್ಸ್ ಸಾಲ ಮನ್ನಾ ಆಯಿತೆಂದು ಸುದ್ದಿ ಹಬ್ಬಿಸಿದವರಿದ್ದಾರೆ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿಕೊಂಡ ಬ್ಯಾಂಕ್, ಫೈನಾನ್ಸ್ ಕಂಪನಿಗಳ ಸಾಲಕ್ಕೆ ಈ ಮನ್ನಾ ಅನ್ವಯಿಸುವುದಿಲ್ಲ. ಎಂದಮೇಲೆ ಮತ್ತೆ ಮೊದಲ ಪ್ರಶ್ನೆಗೇ ಬಂದೆವು: ಕೊಟ್ಟವರು ಯಾರು? ರಿಸರ್ವ್ ಬ್ಯಾಂಕಿನ ವೆಬ್‌ಸೈಟಿನಲ್ಲಿ ಕಂಪನಿಗಳ ಪಟ್ಟಿ ಇದೆ, ಊರಿನ ಗ್ರಾಮ ಒನ್ ಕೇಂದ್ರದ ಹುಡುಗನೋ ಕಾಲೇಜಿಗೆ ಹೋಗುವ ಮಗಳೋ ಹುಡುಕಿ ತೋರಿಸಬಲ್ಲರು.

ಲೆಕ್ಕ ಬಂತು, ಸರಿಯಾಗಿದೆ, ಕಟ್ಟಲು ಹೊರಟಿರಿ ಅನ್ನಿ. ಏಜೆಂಟನ ಸ್ವಂತ ಫೋನ್‌ಪೇ ನಂಬರಿಗೆ ಹಾಕಬೇಡಿ. ಸಂಸ್ಥೆಯ ಖಾತೆಗೆ ಹಾಕಿ, ಅಥವಾ ಶಾಖೆಯಲ್ಲಿ ಕಟ್ಟಿ. ಕಡಿಮೆ ಮಾಡಿ ಮುಗಿಸುತ್ತೇವೆಂದು ಹೇಳಿದರೆ, ಎಷ್ಟಕ್ಕೆ, ಯಾವ ತಾರೀಖಿನೊಳಗೆ, ಅದಾದ ಮೇಲೆ ಏನೂ ಬಾಕಿಯಿಲ್ಲ ಎಂಬುದನ್ನು ಸಂಸ್ಥೆಯ ಲೆಟರ್‌ಹೆಡ್ಡಿನ ಮೇಲೆ ಮೊದಲು ತರಿಸಿಕೊಳ್ಳಿ. ಹಾಗೆ ಮುಗಿಸಿದ್ದು ಸಿಬಿಲ್‌ನಲ್ಲಿ ‘ಸೆಟಲ್ಡ್’ ಎಂದು ಬೀಳುತ್ತದೆ, ಪೂರ್ತಿ ಕಟ್ಟಿದ್ದು ‘ಕ್ಲೋಸ್ಡ್’ ಎಂದು. ಮುಂದೆ ಸಾಲ ಕೊಡುವವರ ಕಣ್ಣಿಗೆ ಎರಡೂ ಒಂದೇ ಅಲ್ಲ. ಮನೆಪತ್ರ ಇಟ್ಟಿದ್ದರೆ, ಪೂರ್ತಿ ತೀರಿಸಿದ 30 ದಿನದೊಳಗೆ ವಾಪಸ್ ಕೊಡಬೇಕು. ಸಂಸ್ಥೆಯ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ನಿಮಗೆ ಸಲ್ಲಬೇಕು. ಸಂಘದ ಸಾಲವಾದರೆ ಕಾರ್ಡಿನ ಕೊನೆಯ ಪುಟದಲ್ಲಿ ಸಾಲ ತೀರಿದ ಸಹಿ ಹಾಕಿಸಿಕೊಳ್ಳಿ. “ಕಾರ್ಡ್ ಆಫೀಸಿಗೆ ಜಮಾ ಮಾಡಬೇಕ್ರಿ” ಎಂದು ಕೇಳಿದರೆ ಮೊದಲ ಪುಟದಿಂದ ಕೊನೆಯ ಪುಟದ ತನಕ ಫೋಟೊ ಹೊಡೆದುಕೊಳ್ಳದೆ ಕೈಬಿಡಬೇಡಿ. ಎರಡು ತಿಂಗಳು ಬಿಟ್ಟು ಕ್ರಿಫ್ ಹೈಮಾರ್ಕ್ ವರದಿ ಇನ್ನೊಮ್ಮೆ ತೆಗೆದು, ಆ 40,000ದ ಸಾಲಿನ ಮುಂದೆ ಬಾಕಿ ಸೊನ್ನೆ ಎಂದಿದೆಯೇ ನೋಡಿಕೊಂಡು, ಕಾಗದಗಳನ್ನು ಮತ್ತೆ ಟ್ರಂಕಿನ ಆ ಪ್ಲಾಸ್ಟಿಕ್ ಚೀಲಕ್ಕೇ ಸೇರಿಸಿ.